ಮಾತೆಯ ಮುಸುಕಿನ ನೆರಿಗೆ

ತಂಗಿಯ ಮನೆಯಲ್ಲಿ ಬೆಳ್ಳುಳ್ಳಿ ಸಾರು ಉಂಡು ರಾತ್ರಿ ಒಬ್ಬಳೇ ಬರುತ್ತಿದ್ದಾಳೆ, ನಮ್ಮ ಪಕ್ಕದ ಮನೆಯ ಒಬ್ದೂಲಿಯಾ. ಪುಟ್ಟ ಇಗರ್ಜಿಯ ಮುಂದಿನ ಬಾವಿ ದಾಟಬೇಕು... ಆಗ ಒಳಗಿಂದ ಸದ್ದು. ಟಿಣ್... ಟಿಣ್. ಹಿತ್ತಾಳೆ ತಟ್ಟೆಗೆ ಗುಂಡುಸೂಜಿ ಬೀಳುವ ಸದ್ದು. ಅದು ಅವಳಿಗೆ ಗೊತ್ತಾಗದೆ ಇನ್ಯಾರಿಗೆ?

ಪ್ಲೇಗು ತೊಲಗಿದ ವರ್ಷ ಗ್ರನಾಡಾ ಬೆಟ್ಟದ ನಮ್ಮ ರೇಷ್ಮೆ ನೇಕಾರರು ಕಟ್ಟಿಸಿದ ಇಗರ್ಜಿ ಅದು. ಹೊರಗಿನಿಂದ ಬರೀ ಕಣಜದಂಥ ಬೋಳು ಗೋಡೆ. ಒಳಗೆ ಬೆರಳಿಡಲು ಜಾಗವಿಲ್ಲ. ತಿರುಚಿದ ಕಂಬಗಳ ತುಂಬ ದ್ರಾಕ್ಷಿ ಬಳ್ಳಿ, ಗುಮ್ಮಟದ ತುಂಬ ಗಾರೆಯ ದೇವದೂತರು. ಪೀಠದ ಹಿಂದೆ ಒಬ್ಬರೇ ಹತ್ತುವಂಥ ಮೆಟ್ಟಿಲು, ಮೇಲೆ ಮಾತೆ ಮರಿಯಾಳ ಪ್ರತಿಮೆಗೆ ಉಡಿಸುವ ಗೂಡಿನಂಥ ಕೋಣೆ. ಅದರ ಕೀಲಿ ಯಾರ ಸೊಂಟದಲ್ಲಿದೆಯೋ ಅವಳೇ ಕೇರಿಗೆ ರಾಣಿ.

ಸಾಯುವ ತನಕ ಅದು ಕಾಸಿಲ್ದಾಳ ಸೊಂಟದಲ್ಲಿತ್ತು. ಒಬ್ದೂಲಿಯಾ ಯೌವನವೆಲ್ಲ ಅವಳ ಪಕ್ಕ ಸೂಜಿ ಹಿಡಿದು ನಿಂತಳು. "ಮುಸುಕು ಮುಟ್ಟಬೇಡ ಕಣೇ, ನಿನ್ನ ಕೈ ಒರಟು," ಅನ್ನುತ್ತಿದ್ದಳು ಕಾಸಿಲ್ದಾ. ಅವಳು ಮಣ್ಣಾದಳು, ಕೀಲಿ ಇವಳಿಗೆ ಬಂತು. ಈ ಹಬ್ಬಕ್ಕೆ ಮೊದಲ ಸಲ ತಾನೇ ಉಡಿಸಿದ್ದಳು. ಹೆಂಗಸರು ಅದೇ ಸಂಜೆ ಬಂದು ತಲೆಯೆತ್ತಿ ನೋಡಿದರು.

"ಚೆನ್ನಾಗಿದೆ ಬಿಡು."

"ಹೂಂ... ಕಾಸಿಲ್ದಕ್ಕನ ನೆರಿಗೇನೇ ಬೇರೆ."

ಸತ್ತವಳ ಮೇಲೂ ಹೊಟ್ಟೆಕಿಚ್ಚೇ ಅನ್ನಬೇಡಿ. ಒಬ್ದೂಲಿಯಾಳಿಗೆ ಇತ್ತು.

ಈಗ ಈ ಸದ್ದು. ಓಡಿಹೋಗಬೇಕಿತ್ತು. ಆದರೆ 'ಕಾಸಿಲ್ದಕ್ಕ ನನ್ನ ನೆರಿಗೆ ಬಿಚ್ಚುತ್ತಿದ್ದಾಳೆ' ಅನ್ನುವ ಸಿಟ್ಟು ಭಯಕ್ಕಿಂತ ದೊಡ್ಡದಾಯಿತು. ಬೀಗ ತೆಗೆದು ಮೆಟ್ಟಿಲು ಹತ್ತಿದಳು. ಮಾತೆಯ ತಲೆ ಬರಿದು. ಮುಸುಕು ಗಾಳಿಯಲ್ಲಿ... ಯಾರೋ ಎರಡು ಕೈಯಲ್ಲಿ ಹಿಡಿದ ಹಾಗೆ.

"ಸೂಜಿ ಕೊಡೇ." ಪಿಸುದನಿ.

"ಕೊಡಲ್ಲಕ್ಕಾ. ಕೀಲಿ ಈಗ ನಂದು."

"ನಿನ್ನ ಕೈ ಒರಟು."

"ಇರಲಿ. ಬದುಕಿರೋ ಕೈ."

ಮುಸುಕು ಸರ್ರನೆ ನೆಲಕ್ಕೆ ಜಾರಿತು. ಒಬ್ದೂಲಿಯಾ ಎತ್ತಿಕೊಂಡಳು. ತನ್ನ ಮೊದಲಿನ ನೆರಿಗೆಗಳನ್ನೇ ಒಂದೊಂದಾಗಿ ಮತ್ತೆ ಹಿಡಿದು ಚುಚ್ಚಿದಳು. ಬೆಳಗಿನ ಗಂಟೆ ಹೊಡೆಯುವ ತನಕ ಬೆನ್ನ ಹಿಂದೆ ಯಾರೋ ಉಸಿರಾಡುತ್ತಲೇ ಇದ್ದರು.

ಪೂಜೆಗೆ ಬಂದ ಹೆಂಗಸರು, "ಇವತ್ತು ಥೇಟ್ ಕಾಸಿಲ್ದಕ್ಕನ ಕೈ ಕಣೇ," ಅಂದರು. ಒಬ್ದೂಲಿಯಾ ತಲೆಯೆತ್ತಿ ನೋಡಿದಳು. ನೆರಿಗೆ ತನ್ನದೇ, ಒಂದೂ ಕದಲಿರಲಿಲ್ಲ. ಹಲ್ಲು ಕಚ್ಚಿಕೊಂಡು ಹೊರಗೆ ಹೋದಳು.

ನಂಬದಿದ್ದರೆ ಬಿಡಿ, ನಡೆದದ್ದಂತೂ ನಿಜ. ಆ ಕೋಣೆಯ ಹಿಂಗೋಡೆಗೆ ಒಂದು ಕನ್ನಡಿಯಿದೆ. ಅದರ ಮೇಲೆ ಉಸಿರು ತಾಗಿದಂಥ ಮಬ್ಬು, ನನ್ನ ಎದೆಮಟ್ಟಕ್ಕೆ. ನಾನೇ ನನ್ನ ಶಾಲಿನಿಂದ ಒರೆಸಿದೆ. ಶಾಲು ಮಡಚುವಷ್ಟರಲ್ಲಿ ಮತ್ತೆ ಬಂದಿತ್ತು... ಕಾಸಿಲ್ದಾ ಬಲು ಕುಳ್ಳಿ.