ಭಾವನ ವಿಮಾನ

ನಗೋರು ಈಗಲೇ ಎದ್ದು ಮಲಗೋಕೆ ಹೋಗಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ, ನಮ್ಮಕ್ಕನಿಗೆ, ಆದದ್ದು. ಇದನ್ನು ಹೇಳುವಾಗ ನನಗೆ ಹೆದರಿಕೆ ಆಗಲ್ಲ, ಸಿಟ್ಟು ಬರುತ್ತದೆ. ದನಿ ಏರಿದರೆ ಒಂದು ಸಲ ತಿವಿಯಿರಿ, ಒಳಗೆ ಮಕ್ಕಳು ಮಲಗಿವೆ.

ಅಕ್ಕನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅಂಗಡಿ ಬಾಗಿಲು ಎಳೆದು ಹೊರಡುವಷ್ಟರಲ್ಲಿ ಬೀದಿಯಲ್ಲಿ ನರಪಿಳ್ಳೆ ಇರಲ್ಲ. ಮನೆಗೆ ತಿರುಗುವ ಮೂಲೆಯಲ್ಲಿ ಒಂದು ಹಾಳು ಬಾವಿ ಇದೆ. ಯಾರೂ ಬೀಳದ ಹಾಗೆ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಆ ರಾತ್ರಿ ಬಾವಿ ದಾಟುವಾಗ ಅದರೊಳಗಿಂದ ಒಂದು ಸದ್ದು... ಗುರ್ರ್... ಗುಂಯ್ಯ್ಯ್... ಏರಿ ಏರಿ ತಾರಕಕ್ಕೆ ಹೋಗಿ ಮತ್ತೆ ಗುರ್ರ್ ಅಂತ ಇಳಿಯಿತು. ಅಕ್ಕ ನಿಂತಳು. ಸದ್ದೂ ನಿಂತಿತು. ಜಾಲರಿ ಮಾತ್ರ ಟಿಣಟಿಣ ಅಂತ ನಡುಗುತ್ತಿತ್ತು.

ಅವಳು ಬಗ್ಗಿ ನೋಡಲಿಲ್ಲ. ಅವಳಿಗೇನು ತಲೆ ಕೆಟ್ಟಿದೆಯೇ? ಆದರೆ ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ನಮ್ಮ ಭಾವನ ವಿಮಾನದ್ದು. ಭಾವ ಸತ್ತು ಇನ್ನೂ ತಿಂಗಳಾಗಿರಲಿಲ್ಲ.

ವಿಮಾನ ಅಂದರೆ ಕಂಪ್ಯೂಟರಿನಲ್ಲಿ ಆಡೋದು. ಹಳೇ ಕಾಲದ ಯುದ್ಧವಿಮಾನದ ಆಟ. ಭಾವ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ರಜೆ ಬಂತೆಂದರೆ ಜಾಯ್‌ಸ್ಟಿಕ್ ಹಿಡಿದು ಕೂತುಬಿಡುತ್ತಿದ್ದ. ಬೇರೆಯವರಾದರೆ ಸೀದಾ ಹಾರಿಸುತ್ತಾರೆ. ಭಾವ ಹಾಗಲ್ಲ. ಕ್ರೇನಿನಲ್ಲಿ ಹೊರೆಯನ್ನು ಮೊದಲು ಗೇಣೆತ್ತರ ಎತ್ತಿ ನಿಲ್ಲಿಸಬೇಕಂತೆ. ಬ್ರೇಕ್ ಹಿಡಿಯಿತು ಅಂತ ಖಾತ್ರಿಯಾದ ಮೇಲೇ ಪೂರ್ತಿ ಎತ್ತೋದು. ಆಟದಲ್ಲೂ ಅದೇ ಚಾಳಿ. ಬ್ರೇಕ್ ಒತ್ತಿ ಹಿಡಿದು ಇಂಜಿನ್ ಪೂರ್ತಿ ಏರಿಸುವುದು, ವಿಮಾನ ಜಾರುತ್ತದೆಯೇ ಅಂತ ನೋಡುವುದು, ಇಳಿಸುವುದು. ಮತ್ತೆ ಏರಿಸುವುದು. ಆಮೇಲೇ ಹಾರಾಟ.

"ರೀ, ನೀವು ಹೊರಡೋ ಹೊತ್ತಿಗೆ ಶತ್ರು ಉಂಡು ಮಲಗಿರ್ತಾನೆ," ಅಂತ ಅಕ್ಕ ಕಿಚಾಯಿಸುತ್ತಿದ್ದಳು.

"ಮಲಗ್ಲಿ ಬಿಡೇ, ಎಬ್ಬಿಸಿ ಹೊಡೀತೀನಿ," ಅನ್ನುತ್ತಿದ್ದ.

ಅಂಥ ಮನುಷ್ಯ ಕ್ರೇನಿನ ಬ್ರೇಕ್ ಜಾರಿ ಸತ್ತ. ಹೊರೆ ಜಾರಿ, ತೂಗಿ ಬಂದು ಕ್ಯಾಬಿನ್ನಿಗೇ ಬಡಿಯಿತು. ಅವನ ಸೂಪರ್‌ವೈಸರ್ ಇದ್ದನಲ್ಲ, ಆ ಪಾಪಿ, ಹೆಣ ಮನೆಗೆ ಬರುವ ಮೊದಲೇ ಸುದ್ದಿ ಹಬ್ಬಿಸಿದ. "ರಾತ್ರಿಯೆಲ್ಲ ಕಂಪ್ಯೂಟರ್ ಆಟ ಆಡಿ ನಿದ್ದೆಗಣ್ಣಲ್ಲಿ ಬಂದಿದ್ದ. ಬ್ರೇಕೇ ನೋಡ್ಲಿಲ್ಲ." ನಾಲಿಗೆಗೆ ಎಲುಬಿಲ್ಲ ನೋಡಿ. ಊರು ನಂಬಿತು. ಕೆಮ್ಮಿನ ಔಷಧಿಗೆ ಬಂದವಳೊಬ್ಬಳು ಅಕ್ಕನ ಮುಖಕ್ಕೇ ಕೇಳಿದಳು, "ನಿಮ್ಮೋರಿಗೆ ಆಟದ ಹುಚ್ಚಂತೆ, ಹೌದಾ?" ಅಕ್ಕ ಔಷಧಿ ಕಟ್ಟಿಕೊಟ್ಟಳು. ನಾನಿದ್ದಿದ್ದರೆ ಬಾಟ್ಲಿ ಎಸೆಯುತ್ತಿದ್ದೆ.

ಇರಲಿ. ಆ ರಾತ್ರಿ ಅಕ್ಕ ಓಡುತ್ತ ಮನೆ ಸೇರಿದರೆ, ಬಾಗಿಲಲ್ಲಿ ಅದೇ ಸೂಪರ್‌ವೈಸರ್ ನಿಂತಿದ್ದಾನೆ.

"ನಾಳೆ ವಿಚಾರಣೆ ಇದೆ ಕಣಮ್ಮಾ," ಅಂದ, ಮೆಲ್ಲಗೆ. "ರಾತ್ರಿಯೆಲ್ಲ ಆಡ್ತಿದ್ದ ಅಂತ ಒಂದು ಮಾತು ಹೇಳ್ಬಿಡು. ವಿಡಿಯೊ ಮಾಡ್ಕೊಂಡು ಹೋಗ್ತೀನಿ."

"ಅವ್ರು ಆವತ್ತು ಬೇಗ ಮಲಗಿದ್ರು."

"ಅದನ್ನ ಯಾರು ನೋಡಿದ್ರು?"

"ಪಕ್ಕದಲ್ಲಿ ಮಲಗಿದ್ದೋಳು ನಾನು."

ಅವನಿಗೆ ಅದು ಬೇಕಿರಲಿಲ್ಲ. ಅವಳು ಬಾಗಿಲು ತೆರೆದದ್ದೇ ತಡ, ಬೂಟು ಸಮೇತ ಒಳಗೆ ನುಗ್ಗಿದ. ನೀನು ಹೇಳದಿದ್ದರೆ ಕಂಪ್ಯೂಟರೇ ಹೇಳುತ್ತದೆ, ಆಡಿದ ಹೊತ್ತೆಲ್ಲ ಅದರಲ್ಲಿ ಇರುತ್ತದೆ ಅಂತ ಭಾವನ ಕುರ್ಚಿಯಲ್ಲಿ ಕೂತ. ಭಾವ ಹೋದ ಮೇಲೆ ಆ ಕುರ್ಚಿಯಲ್ಲಿ ಅಕ್ಕ ಕೂಡ ಕೂತಿರಲಿಲ್ಲ. ಫೋನನ್ನು ಗೋಡೆಗೆ ಒರಗಿಸಿ ವಿಡಿಯೊ ಶುರು ಮಾಡಿದ. ಕಂಪ್ಯೂಟರ್ ಹಾಕಿದ. ಫ್ಯಾನ್ ಬುಸ್ ಅಂತು. ಡಿಸ್ಕ್ ಕರಕರ ಅಂತು. ಹುಡುಕಿ ಹುಡುಕಿ ಆಟವನ್ನೂ ತೆರೆದ.

ಪರದೆಯ ಮೇಲೆ ರನ್‌ವೇ. ಅದರ ಕೊನೆಗೊಂದು ದೊಡ್ಡ ತಗಡಿನ ಶೆಡ್ಡು. ಇಂಜಿನ್ ತಾನಾಗಿ ಹೊತ್ತಿಕೊಂಡಿತು... ಗುರ್ರ್... ಗುಂಯ್ಯ್ಯ್... ವಿಮಾನದ ಮೂತಿ ಗಡಗಡ ನಡುಗಿತು. ಇದ್ದಲ್ಲಿಂದ ಜಾರಲಿಲ್ಲ. ಸದ್ದು ಇಳಿಯಿತು. ಮತ್ತೆ ಏರಿತು.

"ಏನಿದು, ಹಾರ್ತಾನೇ ಇಲ್ವಲ್ಲ?" ಅಂದ.

ಅಕ್ಕ ಹಿಂದೆ ನಿಂತಿದ್ದಳು. ಪಿಸುಗುಟ್ಟಿದಳು, "ಬ್ರೇಕ್ ನೋಡ್ತಿದಾರೆ."

"ಯಾರು?"

ಅವನು ತನ್ನ ಕೈ ನೋಡಿಕೊಂಡ. ಎರಡೂ ತೊಡೆಯ ಮೇಲಿದ್ದವು. ಏಳಲು ಹೋದ... ಕುರ್ಚಿಯ ಗಾಲಿ ಕಿರ್ರ್ ಅಂತು. ಕುರ್ಚಿ ಮುಂದಕ್ಕೆ ಸರಿದು ಅವನ ಹೊಟ್ಟೆಯನ್ನು ಮೇಜಿಗೆ ಒತ್ತಿ ಹಿಡಿಯಿತು. ಅಕ್ಕ ಮುಟ್ಟಿರಲಿಲ್ಲ. ಅವಳ ಎರಡೂ ಕೈಯಲ್ಲಿ ಸೆರಗಿತ್ತು.

ಮೂರನೇ ಸಲ ಇಂಜಿನ್ ಏರಿತು. ಈ ಸಲ ವಿಮಾನ ಜಾರಿತು... ಮೆಲ್ಲಗೆ, ಶೆಡ್ಡಿನ ಕಡೆಗೆ. ಕೀಬೋರ್ಡಿನಲ್ಲಿ ಬ್ರೇಕಿನ ಗುಂಡಿ ತಾನಾಗಿ ಒತ್ತಿಕೊಂಡಿತು. ಟಕ್. ಟಕ್. ಟಕ್ ಟಕ್ ಟಕ್. ಶೆಡ್ಡು ಹತ್ತಿರ ಬಂತು. ಅದರ ಬಾಗಿಲು ತೆರೆದಿತ್ತು. ಒಳಗೆ ಮೇಲಿನಿಂದ ಒಂದು ಕೊಕ್ಕೆ ತೂಗಾಡುತ್ತಿತ್ತು.

"ಹಿಡೀತಿಲ್ಲ," ಅಂದ. "ಬ್ರೇಕ್ ಹಿಡೀತಿಲ್ಲ..."

"ಅವ್ರೂ ಹಿಂಗೇ ಹೇಳಿದ್ರಾ ನಿಮ್ಗೆ?"

"ಹೇಳಿದ್ದ... ಬೆಳಿಗ್ಗೇನೇ ಹೇಳಿದ್ದ. ಕೆಲ್ಸ ಬಿಟ್ಟು ಇಳಿದೂ ಬಂದಿದ್ದ." ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. "ನಾನೇ ಬೈದು ಹತ್ತಿಸ್ದೆ. ನಿಲ್ಸೋಕೆ ಹೇಳಮ್ಮಾ... ನಾನೇ ಹತ್ತಿಸ್ದೆ."

ಟಕ್ ಅಂತ ಒಂದೇ ಸಲ ಕೇಳಿಸಿತು. ಇಂಜಿನ್ ನಿಂತಿತು. ಕುರ್ಚಿ ಸಡಿಲವಾಯಿತು. ಆಸಾಮಿ ಎದ್ದು ಬಿದ್ದು ಓಡಿದ. ಫೋನು ಗೋಡೆಗೆ ಒರಗಿಕೊಂಡು ಎಲ್ಲವನ್ನೂ ಹಿಡಿಯುತ್ತಲೇ ಇತ್ತು. ಅಕ್ಕ ವಿಡಿಯೊ ನಿಲ್ಲಿಸಿ, ಅಲ್ಲೇ ತನ್ನ ಫೋನಿಗೆ ಕಳಿಸಿಕೊಂಡಳು.

ಮಾರನೇ ದಿನ ವಿಚಾರಣೆಯವರ ಎದುರು ಅದನ್ನು ಹಾಕಿ ಕೇಳಿಸಿದಳು. ಕ್ರೇನಿನವನದು ತಪ್ಪಿಲ್ಲ, ಅವನು ಮೊದಲೇ ಎಚ್ಚರಿಸಿದ್ದ ಅಂತ ಎಲ್ಲರೆದುರು ಹೇಳಿದರು. ಭಾವನ ಹೆಸರು ಉಳಿಯಿತು. ಆ ಪಾಪಿಗೆ ಏನಾಯಿತು ಅಂತೀರಾ? ಕಾರ್ಖಾನೆಯ ಇನ್ನೊಂದು ಶೆಡ್ಡಿಗೆ ಹಾಕಿದರು. ಅಷ್ಟೇ. ಈಗಲೂ ಯಾರನ್ನೋ ಬೈದು ಮೇಲೆ ಹತ್ತಿಸುತ್ತಿರುತ್ತಾನೆ. ನನಗಂತೂ ಭಾವನ ಮೇಲೂ ಸಿಟ್ಟಿದೆ. ಕತ್ತು ಕೈಗೆ ಸಿಕ್ಕಿತ್ತು, ಬಿಟ್ಟುಬಿಟ್ಟ. ದೆವ್ವವಾದ ಮೇಲಾದರೂ ಸ್ವಲ್ಪ ಕೆಟ್ಟವನಾಗಬಾರದೇ?

ಆ ರಾತ್ರಿ ಸೂಪರ್‌ವೈಸರ್ ಓಡಿಹೋದ ಮೇಲೆ ಇಂಜಿನ್ ಮತ್ತೆ ಹೊತ್ತಿಕೊಂಡು ವಿಮಾನ ಹಾರಿತಂತೆ. ಅಕ್ಕ ಬೆಳಗಿನ ತನಕ ನೋಡುತ್ತ ಕೂತಿದ್ದಳು. ಆ ಕಂಪ್ಯೂಟರನ್ನು ಅವಳು ಇಂದಿಗೂ ಆರಿಸಿಲ್ಲ. ಮೊನ್ನೆ ನಾನೇ ಹೋಗಿದ್ದೆ. ಪರದೆಯ ತುಂಬ ಬರೀ ಆಕಾಶ. ಶತ್ರು ಇಲ್ಲ, ಗುಂಡಿಲ್ಲ. ಇಂಜಿನ್ ಒಂದೇ ಸಮ ಗುಂಯ್ ಅನ್ನುತ್ತಿದೆ. ಆ ಆಟ ಆಡಿದವರನ್ನು ಕೇಳಿ, ಒಂದು ಟ್ಯಾಂಕು ಇಂಧನ ಒಂದು ರಾತ್ರಿಗೂ ಸಾಲಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂತು. ಇಂಧನದ ಮುಳ್ಳು ತುಂಬಿದೆ ಅನ್ನೋ ಕಡೆಯಿಂದ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ನಾನೇ ಗಾಜಿನ ಮೇಲೆ ಬೆರಳಿಟ್ಟು ನೋಡಿದ್ದೇನೆ. ನಂಬದಿದ್ದರೆ ಬಿಡಿ.