ನೀರೊಡೆದ ಸಂಜೆ

ಔಷಧಿ ಅಂಗಡಿಯ ಸಾಲಿನಲ್ಲಿ ಕೆಮ್ಮಿನ ಸಿರಪ್ಪಿಗಾಗಿ ನಿಂತಿದ್ದ ಟೀಚರಮ್ಮನಿಗೆ ಮುಂದಿದ್ದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಂಡತಿ ತುಂಬು ಬಸುರಿ. ಗಂಡನ ಹೆಗಲಚೀಲದಿಂದ ನಲ್ಲಿ ರಿಪೇರಿಯ ಸಾಮಾನು ಇಣುಕುತ್ತಿತ್ತು.

“ಪ್ಯಾಡ್ ತಗೊಂಡು ಮನೆಗೆ ಹೋಗೋಣ ಕಣೇ. ನೋವು ಬಂದ್ಮೇಲೆ ಆಸ್ಪತ್ರೆ.”

“ನೀರೊಡೆದ್ರೆ ನೋವಿಗೆ ಕಾಯ್ಬೇಡಿ, ತಕ್ಷಣ ಬನ್ನಿ ಅಂತ ನರ್ಸ್ ಹೇಳಿದ್ದು ಗೋಡೆಗಾ?”

“ಈಗ ತೊಟ್ಟಿಕ್ತಿದೆ ಅಷ್ಟೇ ತಾನೆ? ತೊಟ್ಟಿಕ್ಕೋದು ಬೆಳಗಿನವರೆಗೂ ತಡೆಯುತ್ತೆ. ನಾನು ದಿನಾ ನೋಡ್ತೀನಲ್ಲ.”

“ನೋಡ್ತೀರಿ, ಕಂಡವರ ಬಚ್ಚಲಲ್ಲಿ. ನಾನೇನು ನಿಮ್ಮ ಕಣ್ಣಿಗೆ ತಾರಸಿ ಮೇಲಿನ ಟ್ಯಾಂಕಾ?”

“ಅಮ್ಮನೂ ನೋವು ಬರಲಿ ಅಂದ್ರು.”

“ಮಗೂಗೆ ನಂಜೇರಿದ್ರೆ ನಿಮ್ಮಮ್ಮ ಇಳಿಸ್ತಾರಾ? ಮಧ್ಯಾಹ್ನ ನೀರು ತಿಳಿಯಾಗಿತ್ತು. ಈಗ ಹಸಿರಾಗಿದೆ.”

“ಹಸಿರು ಅಂದ್ರೆ... ಪಾಚಿ ಥರಾನಾ?”

“ಪಾಚಿ ಕಟ್ಟೋಕೆ ಅದೇನು ತೊಟ್ಟೀನಾ? ಮಗು ಒಳಗೇ ಕಕ್ಕ ಮಾಡ್ಕೊಂಡಿದೆ ರೀ. ಅದಕ್ಕೆ ಕಷ್ಟ ಆಗ್ತಿರಬಹುದು.”

ಗಂಡ ಹೆಂಡತಿಯ ತೋಳು ಹಿಡಿದು ಸಾಲಿನಿಂದ ಹೊರಬಂದ. ಟೀಚರಮ್ಮ ಸಾಲು ಬಿಟ್ಟು ಹೋಗಿ ಆಟೋ ನಿಲ್ಲಿಸಿದಳು. ಬಸುರಿ ಸೀಟಿನ ತುಂಬ ಪಕ್ಕಕ್ಕೆ ಒರಗಿ ಮಲಗಿದಳು.

“ನಾನೆಲ್ಲಿ ಕೂರಲಿ?” ಗಂಡ ಕೇಳಿದ.

“ಡ್ರೈವರ್ ಪಕ್ಕ. ನಿಮ್ಮ ಬುದ್ಧಿಮಾತು ಅವರಿಗೂ ಬೇಡ, ಹೆರಿಗೆ ಆಸ್ಪತ್ರೆ ದಾರಿ ಮಾತ್ರ ಹೇಳಿ.”

ಆಟೋ ಹೊರಟಿತು.