ವಾಸಿಯಾಯಿತೆಂದು ಹೇಳಿದವಳು

ಚರ್ಚಿನ ಆಪ್ತಸಲಹೆ ಕೋಣೆಯ ಹೊರಗೆ ದರ್ಜಿಯೊಬ್ಬ ಪರದೆಗೆಂದು ಕಿಟಕಿಯ ಅಳತೆ ತೆಗೆಯುತ್ತಿದ್ದ. ಬೆಂಚಿನ ಮೇಲೆ ಕೂತಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಅವನ ಕಿವಿಗೆ ಬೀಳುತ್ತಿತ್ತು.

“ಒಳಗೆ ಹೋಗೋಕೆ ನಾಚಿಕೆ ಆಗುತ್ತೆ ಅಕ್ಕ. ಪ್ರಾರ್ಥನೆಯಿಂದ ಮನಸ್ಸಿನ ಕಾಯಿಲೆ ವಾಸಿಯಾಯ್ತು ಅಂತ ಸಭೆ ಮುಂದೆ ನಿಂತು ಸಾಕ್ಷಿ ಹೇಳಿದ್ದೀನಿ.”

“ಅವತ್ತು ಹಾಗೇ ಅನ್ನಿಸಿತ್ತಲ್ಲ?”

“ಅನ್ನಿಸಿತ್ತು. ಅವತ್ತೇ ಮಾತ್ರೆ ಬಿಟ್ಟೆ. ತಗೊಂಡ್ರೆ ದೇವರನ್ನ ನಂಬದ ಹಾಗಲ್ವಾ?”

“ಮತ್ತೆ ಕನ್ನಡಕ ಯಾಕೆ ಬಿಟ್ಟಿಲ್ಲ, ಮಹಾಭಕ್ತೆ?”

ತಂಗಿಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು.

“ಈಗ ಬದುಕೋದೇ ಬೇಡ ಅನ್ನಿಸುತ್ತೆ ಅಕ್ಕ.”

ಅಕ್ಕ ಅವಳ ಕೈ ಗಟ್ಟಿಯಾಗಿ ಹಿಡಿದಳು.

“ಇದೊಂದು ಮಾತು ಒಳಗಿರೋ ಸಲಹೆಗಾರರಿಗೆ ಹೇಳಿದ್ರೆ ಸಾಕು. ನಿನಗೆ ಬಾಯಿ ಬರದಿದ್ರೆ ನಾನು ಹೇಳ್ತೀನಿ.”

“ನೀನೂ ಬರ್ತೀಯಾ?”

“ಬರದೆ? ಏಳು.”

ದರ್ಜಿ ಟೇಪು ಸುತ್ತಿಕೊಂಡು ದಾರಿ ಬಿಟ್ಟ. ಬಾಗಿಲು ತಟ್ಟಿದ್ದು ತಂಗಿಯೇ.